ಅಳಿಸಿದರೆ ಮುಗಿಯಿತು ಅಂದಿದ್ದೆ

ಮೊಬೈಲ್ ಕಂಪನಿಯ ಕೌಂಟರಿಗೆ ಹೊಸದಾಗಿ ಸೇರುವವರಿಗೆ ತರಬೇತಿಯಲ್ಲಿ ಮೊದಲು ನಗುವುದನ್ನು ಕಲಿಸುತ್ತಾರೆ. ಗ್ರಾಹಕರು ಬೈದರೂ ನಗಬೇಕು, ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೂ ನಗಬೇಕು. ನನಗೂ ಕಲಿಸಿದ್ದರು, ನಾನೂ ಚೆನ್ನಾಗಿ ಕಲಿತಿದ್ದೆ. ಹಾಗೆ ನಗುತ್ತಾ ನಾನು ಹೇಳಿದ ಒಂದು ಮಾತನ್ನು ನಂಬಿ ಇಬ್ಬರು ಹೆಂಗಸರು ತಾವಿದ್ದ ಮನೆ ಕಳೆದುಕೊಂಡರು. ನನ್ನ ನಿವೃತ್ತಿಯ ದಿನ ಶಾಲು ಹೊದಿಸಿದವರು ಯಾರೂ ಆ ಮಾತು ಎತ್ತಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ಆದ್ದರಿಂದ ಈಗ ಹೊಸದಾಗಿ ಕೌಂಟರಿಗೆ ಬರುವ ನಿಮಗಾಗಿ ನಾನೇ ಬರೆಯುತ್ತಿದ್ದೇನೆ.

ನನ್ನ ಹೆಸರು ಸುಮಿತ್ರಾ. ಗಂಡ ತೀರಿಕೊಂಡ ಮೇಲೆ, ತೊಂಬತ್ತರ ದಶಕದ ಆರಂಭದಲ್ಲಿ, ಇಂಡಿ ಎಂಬ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದೆ. ಆಗ ಊರಿನ ಫೋನುಗಳಿಗೆ ಡಯಲ್ ಇರಲಿಲ್ಲ. ಯಾರಾದರೂ ರಿಸೀವರ್ ಎತ್ತಿದರೆ ನನ್ನ ಎದುರಿನ ಬೋರ್ಡಿನಲ್ಲಿ ಒಂದು ತಗಡಿನ ಮುಚ್ಚಳ ಟಪ್ಪನೆ ಬೀಳುತ್ತಿತ್ತು. ಯಾವ ನಂಬರು ಬೇಕೆಂದು ಕೇಳಿ ವೈರಿನ ಪಿನ್ನನ್ನು ಆ ನಂಬರಿನ ತೂತಿಗೆ ಚುಚ್ಚಬೇಕು, ಮಾತು ಸೇರಿತೋ ಇಲ್ಲವೋ ಎಂದು ಒಂದು ಕ್ಷಣ ಕೇಳಿ ಮುಂದಿನದು ನಮಗೆ ಕೇಳಿಸದಂತೆ ನಮ್ಮ ಕೀಲಿಯನ್ನು ಹಿಂದಕ್ಕೆ ಎಳೆಯಬೇಕು. ಆ ಒಂದು ಕ್ಷಣವನ್ನು ನಾವೆಲ್ಲ ಸ್ವಲ್ಪ ಉದ್ದ ಮಾಡಿಕೊಳ್ಳುತ್ತಿದ್ದೆವು. ಸುಳ್ಳು ಹೇಳಲಾರೆ.

ಸೇರಿದ ಮೊದಲ ವರ್ಷವೇ ಎಡವಿದೆ. ಬಜಾರಿನಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಒಬ್ಬರಿಗೆ ಸೋಲಾಪುರದ ಡಾಕ್ಟರಿಂದ ಟ್ರಂಕ್ ಕಾಲ್ ಬಂತು. ಅವರ ಗಂಟಲಿನ ಗಡ್ಡೆ ಕೆಟ್ಟದ್ದು ಅಂತ ರಿಪೋರ್ಟ್ ಬಂದಿದೆ ಎಂದು ಡಾಕ್ಟರು ಹೇಳಿದ್ದು ನನ್ನ ಕಿವಿಗೆ ಬಿತ್ತು. ಮರುದಿನ ಹಿಟ್ಟಿನ ಗಿರಣಿಯಲ್ಲಿ ಅವರ ಹೆಂಡತಿ ಸಿಕ್ಕರು. ಪಾಪ ಅನ್ನಿಸಿ ಕೈ ಹಿಡಿದುಕೊಂಡು, "ಧೈರ್ಯ ತಗೋರಿ ಅಕ್ಕಾರ, ಸೋಲಾಪುರದಾಗ ಈಗ ಛಲೋ ಛಲೋ ದವಾಖಾನಿ ಆಗ್ಯಾವ," ಅಂದೆ.

ಅವರು ನನ್ನ ಮುಖ ನೋಡಿ, "ಯಾರಿಗೇನಾಗೈತ್ರಿ?" ಅಂದರು.

ಅವರ ಗಂಡ ಎಕ್ಸ್‌ಚೇಂಜಿಗೆ ಬಂದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಬಾಗಿಲ ಬಳಿಯೇ ನಿಂತು, "ನಾನ ಹೇಳಾಂವ ಇದ್ನಿ ಬಾಯಾರ. ಮಗಳ ನಿಶ್ಚಯ ಇಟ್ಕೊಂಡೇವಿ. ಅದೊಂದ ಮುಗೀಲಿ, ಇನ್ನೊಂದ ಎಂಟ ದಿನ ನನ್ನ ಹೆಣ್ತಿ ನಕ್ಕೋತ ಅಡ್ಡಾಡ್ಲಿ ಅಂತಿದ್ನಿ," ಅಂದರು. ಅಷ್ಟು ಹೇಳಿ ಹೋದರು.

ನಮ್ಮ ಮೇಲಧಿಕಾರಿ ಹಣಮಂತರಾಯರು ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ನನ್ನ ತಲೆಯ ಮೇಲಿನ ಹೆಡ್‌ಫೋನ್ ತೆಗೆದು ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು. "ಆ ಮನಷ್ಯಾ ಎಂಟ ದಿನ ಕೇಳಿದ್ದ. ನೀನೂ ಎಂಟ ದಿನ ಕಿವಿ ಇಲ್ಲದ ಕೂಡು," ಅಂದರು. ಎಂಟು ದಿನ ಮೂಲೆಯಲ್ಲಿ ಕುಳಿತು ಟಪಾಲಿನ ಕವರುಗಳ ಮೇಲೆ ವಿಳಾಸ ಬರೆದೆ. ಒಂಬತ್ತನೆಯ ದಿನ ಅವರೇ ಹೆಡ್‌ಫೋನ್ ತಂದು ಕೊಟ್ಟರು. ಮೇಲಿನವರಿಗೆ ವರದಿಯನ್ನೂ ಕಳಿಸಲಿಲ್ಲ. ಅಲ್ಲಿಂದ ಮುಂದೆ ಆ ಬೋರ್ಡಿನ ಮುಂದೆ ಕುಳಿತಷ್ಟು ವರ್ಷ ನಾನು ಕೀಲಿ ಎಳೆಯುವುದನ್ನು ತಡ ಮಾಡಲಿಲ್ಲ. ಅಂಥ ಅಧಿಕಾರಿ ನನಗೆ ಮತ್ತೆ ಸಿಗಲಿಲ್ಲ.

ಆಮೇಲೆ ತಾಲೂಕು ಊರುಗಳಿಗೆಲ್ಲ ತಾನೇ ತಾನಾಗಿ ನಡೆಯುವ ಎಕ್ಸ್‌ಚೇಂಜ್ ಬಂತು. ನನ್ನನ್ನು ಮುದ್ದೇಬಿಹಾಳಕ್ಕೆ ಹಾಕಿದರು. ಇನ್ನು ಯಾರ ಮಾತೂ ನಮ್ಮ ಕಿವಿಗೆ ಬೀಳುವಂತಿಲ್ಲ ಎಂದು ಖುಷಿಯಾಗಿತ್ತು. ಹೊಸ ಮಶೀನು ಮಾತು ಕೇಳುತ್ತಿರಲಿಲ್ಲ ನಿಜ, ಆದರೆ ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಮಾತಾಡಿದರು ಎಂದು ಬಿಡದೆ ಬರೆದಿಡುತ್ತಿತ್ತು. ಮಾರುಕಟ್ಟೆಯ ವ್ಯಾಪಾರಿಯೊಬ್ಬರು ಬಂದು ತಮ್ಮ ಮನೆಯ ಫೋನಿನ ಕರೆಗಳ ಯಾದಿ, ಅಂದರೆ ಪಟ್ಟಿ, ಬೇಕೆಂದರು. ಫೋನು ಅವರ ಹೆಸರಿನಲ್ಲಿತ್ತು, ಅರ್ಜಿ ಸರಿಯಿತ್ತು, ಪ್ರಿಂಟ್ ತೆಗೆದು ಕೊಟ್ಟೆ. ಮನೆತನದವರು ಸಂಬಂಧ ಕಡಿದುಕೊಂಡಿದ್ದ ತನ್ನ ತಂಗಿಯ ಜೊತೆ ಅವರ ಹೆಂಡತಿ ಮಧ್ಯಾಹ್ನಗಳಲ್ಲಿ ಗುಟ್ಟಾಗಿ ಮಾತಾಡುತ್ತಿದ್ದರಂತೆ. ಯಾದಿ ಸಿಕ್ಕ ಮೇಲೆ ಫೋನು ಮನೆಯಿಂದ ಅಂಗಡಿಗೆ ಹೋಯಿತು. ತಿಂಗಳ ನಂತರ ಆ ಹೆಣ್ಣುಮಗಳು ಕೌಂಟರಿಗೆ ಬಂದರು.

"ಫೋನ ಅವರ ಹೆಸರಿನ್ಯಾಗ ಐತಿ, ಖರೇ. ಮಾತಾಡಿದಾಕಿ ನಾ ಅಲ್ಲೇನ್ರಿ? ನನ್ನ ಒಂದ ಮಾತ ಕೇಳಬೇಕಿತ್ತಲ್ರಿ."

ನಾನು ನಿಯಮ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಹೌದೇನ್ರಿ," ಎಂದು ಸೆರಗು ಹೊದ್ದುಕೊಂಡು ಹೋದರು.

ಹೊಸ ಶತಮಾನ ಬಂತು. ಸರಕಾರಿ ನೌಕರಿ ಬಿಟ್ಟು ನಾನು ಒಂದು ಖಾಸಗಿ ಮೊಬೈಲ್ ಕಂಪನಿಯ ಸಿಂದಗಿ ಕೇಂದ್ರ ಸೇರಿದೆ. ಆ ಕಂಪನಿ ಈಗಿಲ್ಲ, ಇನ್ನೊಂದರಲ್ಲಿ ಕರಗಿತು. ಸಿಮ್ ಬೇಕಾದವರು ಫೋಟೋ, ಮತದಾರರ ಚೀಟಿಯ ನಕಲು ಕೊಟ್ಟು ಫಾರ್ಮ್ ತುಂಬುತ್ತಿದ್ದರು. ಫಾರ್ಮುಗಳು ಮೂಲೆಯಲ್ಲಿ ಗೋಣಿಚೀಲ ತುಂಬಿ ನಿಂತಿರುತ್ತಿದ್ದವು. ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡೆ. ತಿಂದು ಮುಗಿಸಿ ನೋಡಿದರೆ ಕೈಯಲ್ಲಿ ನಮ್ಮದೇ ಫಾರ್ಮು. ಎಣ್ಣೆ ಕುಡಿದ ಕಾಗದದಲ್ಲಿ ಒಬ್ಬ ಮುದುಕಿಯ ಫೋಟೋ, ಹೆಬ್ಬೆಟ್ಟು, ಊರು, ಗಂಡನ ಹೆಸರು. ಆ ಹೆಬ್ಬೆಟ್ಟು ಒತ್ತಿಸಿಕೊಂಡವಳು ನಾನೇ.

ನಮ್ಮ ಏರಿಯಾ ಮ್ಯಾನೇಜರ್ ಪ್ರಶಾಂತ ಹುಬ್ಬಳ್ಳಿ ಕಡೆಯವನು, ಮೂವತ್ತರ ಆಸುಪಾಸು, ಮನೆಯ ಮಗನ ಹಾಗೆ ನಡೆದುಕೊಳ್ಳುತ್ತಿದ್ದ. ಕಾಗದ ತೋರಿಸಿದೆ. ನಕ್ಕುಬಿಟ್ಟ. "ಯಾರೋ ಹಳೇ ಫಾರ್ಮ ರದ್ದಿಗೆ ಹಾಕ್ಯಾರ ಬಿಡ್ರಿ ಬಾಯಾರ. ಮುದುಕಿ ಫೋಟೋ ಇಟ್ಕೊಂಡ ಯಾರೇನ ಮಾಡ್ತಾರ?" ಮನೆಗೆ ಒಯ್ದು ಅದೊಂದನ್ನು ಒಲೆಗೆ ಹಾಕಿದೆ. ಉಳಿದವು ಎಷ್ಟು ಕೈ ದಾಟಿದವೋ.

ಆ ದಶಕದ ಕೊನೆಯ ಹೊತ್ತಿಗೆ ನನ್ನನ್ನು ಬಸವನ ಬಾಗೇವಾಡಿಯ ಕೇಂದ್ರಕ್ಕೆ ಕಳಿಸಿದರು. ಗುಂಡಿ ಒತ್ತುವ ಫೋನಿನಲ್ಲೇ ಇಂಟರ್ನೆಟ್ ಬರತೊಡಗಿದ ಕಾಲ ಅದು. ಬ್ರೌಸರ್ ಎಂಬ ಸಣ್ಣ ಗೋಳದ ಚಿತ್ರ ಒತ್ತಿದರೆ ಪುಟ ಸಾಲು ಸಾಲಾಗಿ ತೆರೆದುಕೊಳ್ಳುತ್ತಿತ್ತು. ಫೋನಿಗೆ ಅದನ್ನು ಹೊಂದಿಸಿ ಕೊಡುವುದು ನನ್ನ ಕೆಲಸ.

ಸುಜಾತಾ ಬಂದದ್ದು ಒಂದು ಶನಿವಾರ, ಸಾಲೆ ಬಿಟ್ಟ ಮೇಲೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು, ಇಂಡಿ ಕಡೆಯಿಂದ ವರ್ಗವಾಗಿ ಬಂದಿದ್ದರು, ತಾಯಿಯ ಜೊತೆ ಹಳೆ ಓಣಿಯೊಂದರಲ್ಲಿ ಈರಣ್ಣ ಎಂಬುವರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದರು. ನಾನು ಬ್ರೌಸರ್ ಹೊಂದಿಸಿ ಫೋನು ಕೊಟ್ಟ ಮೇಲೂ ಅವರು ಎದ್ದು ಹೋಗಲಿಲ್ಲ. ಹಿಂದೆ ಯಾರೂ ನಿಂತಿಲ್ಲವೆಂದು ನೋಡಿಕೊಂಡು ಕೇಳಿದರು.

"ಇದರಾಗ ನಾ ಏನ ನೋಡಿದ್ನಿ ಅನ್ನೂದು ಯಾರಿಗರೆ ತಿಳಿತೈತೇನ್ರಿ?"

ಇಂಥದನ್ನು ಕೇಳಿದವರು ಅವರೊಬ್ಬರೇ. ನಾನು ನಕ್ಕು, ಅವರ ಫೋನು ಮತ್ತೆ ತೆಗೆದುಕೊಂಡು, ನೋಡಿದ ಪುಟಗಳ ಯಾದಿ ಎಲ್ಲಿರುತ್ತದೆ, ಅದನ್ನು ಹೇಗೆ ಅಳಿಸಬೇಕು ಎಂದು ಎರಡು ಸಲ ಮಾಡಿ ತೋರಿಸಿದೆ. "ಅಳಿಸಿದ್ರ ಮುಗೀತ್ರಿ ಟೀಚರ್. ದೇವರಿಗೂ ಗೊತ್ತಾಗಂಗಿಲ್ಲ."

ಅವರ ಮುಖ ಸಡಿಲವಾಯಿತು. "ದಿನಾ ಅಳಸ್ತೇನ್ರಿ ಹಂಗಾರ," ಅಂದರು.

ಅವರು ಏನು ನೋಡುತ್ತಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಅವರದು ಬೌದ್ಧರ ಮನೆ; ನಮ್ಮ ಕಡೆ ಬೌದ್ಧರೆಂದರೆ ದಲಿತರೆಂದೇ ಜನ ತಿಳಿಯುತ್ತಾರೆ. ತಂದೆ ಬದುಕಿರುವ ತನಕ ಊರಿನಲ್ಲಿ ಪ್ರತಿ ಮುಂಜಾನೆ ಬುದ್ಧ ವಂದನೆ ಹೇಳುತ್ತಿದ್ದರಂತೆ. ಅವರು ಹೋದ ಮೇಲೆ ತಾಯಿಗೆ ಅದನ್ನು ಕೇಳದೆ ದಿನ ಶುರುವಾದಂತೆ ಆಗುತ್ತಿರಲಿಲ್ಲ, ಸುಜಾತಾಗೆ ಪೂರ್ತಿ ಬಾಯಿಪಾಠ ಬರುತ್ತಿರಲಿಲ್ಲ. ಈರಣ್ಣನವರು ಮನೆ ಕೊಡುವಾಗ ಟೀಚರ್ ಎಂದಷ್ಟೇ ತಿಳಿದು ಕೊಟ್ಟಿದ್ದರು, ಜಾತಿ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಅದಕ್ಕೂ ಮೊದಲು ಹೇಳಿ ನೋಡಿದ್ದರು, ನಾಲ್ಕು ಮನೆ ಕೈ ತಪ್ಪಿದ್ದವು. ಹಾಗಾಗಿ ಗೋಡೆಯ ಮೇಲೆ ಒಂದು ಪಟವನ್ನೂ ಹಾಕಿರಲಿಲ್ಲ. ಮುಂಜಾನೆ ಬಾಗಿಲು ಮುಂದಕ್ಕೆ ಮಾಡಿಕೊಂಡು, ಫೋನಿನಲ್ಲಿ ಆ ಪುಟ ತೆರೆದು, ತಾಯಿಯ ಕಿವಿಯ ಹತ್ತಿರ ಕುಳಿತು ಓದುತ್ತಿದ್ದರು. ಓದಿ ಮುಗಿಸಿ ಅಳಿಸುತ್ತಿದ್ದರು.

ಮೂರ್ನಾಲ್ಕು ತಿಂಗಳು ಹೀಗೇ ಹೋಯಿತು.

ಒಂದು ದಿನ ಪ್ರಶಾಂತ ಲ್ಯಾಪ್‌ಟಾಪ್ ಹಿಡಿದುಕೊಂಡು ಉತ್ಸಾಹದಿಂದ ಬಂದ. ಕಾಲರ್ ಟ್ಯೂನ್ ಮಾರುವ ಹೊಸ ಯೋಜನೆ. ಹೆಡ್ ಆಫೀಸಿನಿಂದ ಒಂದು ಯಾದಿ ಬಂದಿತ್ತು. ಬಾಗೇವಾಡಿಯಲ್ಲಿ ಫೋನಿನಲ್ಲಿ ಇಂಟರ್ನೆಟ್ ನೋಡುವವರ ಹೆಸರು, ನಂಬರು, ವಿಳಾಸ, ಪಕ್ಕದಲ್ಲಿ ಅವರು ಹೆಚ್ಚಾಗಿ ಏನು ನೋಡುತ್ತಾರೆ ಎಂಬ ಮಾಹಿತಿ. ಸಿನಿಮಾ, ಕ್ರಿಕೆಟ್, ನೌಕರಿ, ವಧು-ವರ, ಭಕ್ತಿ. ಭಕ್ತಿಯಲ್ಲಿ ಮತ್ತೆ ಯಾವ ದೇವರು ಎಂಬ ಒಂದು ಕಾಲಂ. ರಿಚಾರ್ಜ್ ಅಂಗಡಿಗಳಿಗೆ ಇದನ್ನು ಕೊಟ್ಟರೆ ಅವರು ಗಿರಾಕಿಯ ಮನಸ್ಸಿಗೆ ತಕ್ಕ ಹಾಡು ಮಾರಬಹುದು.

ಯಾದಿಯಿಂದ ತಲೆ ಎತ್ತಿ ಕೇಳಿದೆ. "ಸರ್, ಇದು ಹ್ಯಾಂಗ ಗೊತ್ತಾತ್ರಿ? ಫೋನಿನ್ಯಾಗ ಅಳಿಸಿದ್ರ ಹೋಗಂಗಿಲ್ಲೇನು?"

"ಅವರ ಫೋನಿನ್ಯಾಗಿಂದ ಹೋಗತೈತ್ರಿ ಬಾಯಾರ. ಆದ್ರ ಪುಟ ಅವರಿಗೆ ಮುಟ್ಟೂದು ನಮ್ಮ ಮಶೀನ್ ದಾಟಿ ಅಲ್ಲೇನ್ರಿ? ಯಾರ ಯಾವಾಗ ಏನ ತಗದ್ರು, ಎಲ್ಲಾ ಇಲ್ಲಿ ಬರಕೊಂಡಿರತೈತಿ. ಅವರು ಬೇಕಾದಷ್ಟ ಅಳಸ್ಲಿ." ಅವನಿಗೆ ಅದೊಂದು ಮೆಚ್ಚತಕ್ಕ ಸಂಗತಿಯಾಗಿತ್ತು.

ಅಷ್ಟು ವರ್ಷ ಆ ಕೌಂಟರಿನಲ್ಲಿ ಕುಳಿತವಳಿಗೆ ಇದು ಗೊತ್ತಿರಲಿಲ್ಲ. ನನಗೆ ಯಾರೂ ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ಗೊತ್ತಿಲ್ಲದ ವಿಷಯಕ್ಕೆ ದೇವರ ಆಣೆ ಹಾಕಿದಂತೆ ಮಾತು ಕೊಟ್ಟಿದ್ದೆ.

ಯಾದಿಯ ಎರಡನೆಯ ಹಾಳೆಯಲ್ಲಿ ಸುಜಾತಾರ ಹೆಸರಿತ್ತು. ವಿಳಾಸದಲ್ಲಿ ಈರಣ್ಣನವರ ಮನೆ. ಪಕ್ಕದಲ್ಲಿ, ಭಕ್ತಿ, ಬೌದ್ಧ, ಪ್ರತಿದಿನ. ಅವರು ಅಂದು ಹಿಂದೆ ತಿರುಗಿ ನೋಡಿ ಪಿಸುಗುಟ್ಟಿದ್ದು ಯಾಕೆ ಎಂದು ನನಗೆ ಆ ಕ್ಷಣಕ್ಕೆ ಅರ್ಥವಾಯಿತು. ಹಳೆ ಓಣಿಯಲ್ಲಿ ಇದ್ದು ಬಾಳಿದ ಯಾರಿಗಾದರೂ ಅರ್ಥವಾಗುತ್ತಿತ್ತು. ಆ ಒಂದು ಸಾಲನ್ನು ಹೊಡೆದುಹಾಕಬಹುದಿತ್ತು. ಕೈಯಲ್ಲಿ ಪೆನ್ನಿತ್ತು. ಪ್ರಶಾಂತ ಎದುರಿಗೆ ನಿಂತಿದ್ದ, ಐದು ಅಂಗಡಿಗಳಿಗೆ ಐದು ಲಕೋಟೆ ಆಗಬೇಕಿತ್ತು, ಮಧ್ಯಾಹ್ನದ ಒಳಗೆ ಹೋಗಬೇಕಿತ್ತು. ಒಂದು ಸಾಲು, ಯಾರು ಓದುತ್ತಾರೆ ಎಂದುಕೊಂಡೆ. ಅದೇ ಪೆನ್ನಿನಿಂದ ಐದು ಲಕೋಟೆಯ ಮೇಲೂ ಸಹಿ ಮಾಡಿದೆ.

ಓದಿದವನು ಮಲ್ಲಪ್ಪ. ಹಳೆ ಓಣಿಯ ಬಾಯಿಗೆ ಅವನ ರಿಚಾರ್ಜ್ ಅಂಗಡಿ. ಕೆಟ್ಟವನಲ್ಲ, ಹಾಡು ಮಾರುವ ಹುರುಪು. ರಿಚಾರ್ಜಿಗೆ ಬಂದ ಈರಣ್ಣನವರಿಗೆ ಅವನು ಹೇಳಿದ್ದು ಇಷ್ಟೇ: "ನಿಮ್ಮ ಮನ್ಯಾಗಿನ ಟೀಚರಮ್ಮಗ ಹೇಳ್ರಿ ಕಾಕಾ, ಬುದ್ಧನ ಹಾಡ ಬಂದಾವ ಕಾಲರ್ ಟ್ಯೂನಿಗೆ. ಅವರು ದಿನಾ ಮುಂಜಾನೆ ಅದನ್ನ ನೋಡ್ತಾರಂತ ಲಿಸ್ಟಿನ್ಯಾಗ ಐತಿ." ಆಮೇಲೆ ನನ್ನ ಮುಂದೆ ಕುಳಿತು ಇದನ್ನೇ ನಾಲ್ಕು ಸಲ ಹೇಳಿದ. "ನನಗೇನ ಗೊತ್ರಿ ಅಕ್ಕಾರ, ಖರೇ ಅಂದ್ರ ನನಗೇನ ಗೊತ್ತಿತ್ತು?" ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಈರಣ್ಣನವರು ಜಗಳ ಮಾಡಲಿಲ್ಲ. ಆ ಸಂಜೆ ಸುಜಾತಾರನ್ನು ಕರೆದು ನಿಮ್ಮ ಊರು ಯಾವುದು, ಊರಿನಲ್ಲಿ ಯಾವ ಓಣಿ ಎಂದು ಕೇಳಿದರು. ಸುಜಾತಾ ಸುಳ್ಳು ಹೇಳಲಿಲ್ಲ. ಮರುದಿನದಿಂದ ಈರಣ್ಣನವರ ಹೆಂಡತಿ ಮಜ್ಜಿಗೆ ಕೊಡುವುದು ನಿಂತಿತು. ಮೂರನೆಯ ದಿನ ಹಿತ್ತಲಿನ ನಳಕ್ಕೆ ಬೀಗ ಬಿತ್ತು. ಮೊಣಕಾಲು ನೋವಿನ ತಾಯಿ ಓಣಿಯ ನಳಕ್ಕೆ ಕೊಡ ಹಿಡಿದು ಹೋದರೆ ಅಲ್ಲಿದ್ದವರು ತಮ್ಮ ಕೊಡ ಎತ್ತಿಕೊಂಡು ದೂರ ನಿಂತರು. ವಾರದ ಕೊನೆಗೆ, "ಮಗಳ ಬಾಣಂತನ ಐತ್ರಿ, ಮನಿ ಬೇಕಾಗೈತಿ," ಎಂದು ಈರಣ್ಣನವರು ಅಂಗಳದಿಂದಲೇ ಹೇಳಿದರು. ಅವರ ಮಗಳಿಗೆ ಆಗಿನ್ನೂ ಮದುವೆಯೇ ಆಗಿರಲಿಲ್ಲ.

ಸಾಮಾನು ಟೆಂಪೋಗೆ ಹೇರಿ ಸುಜಾತಾ ಮನೆಯ ಕೀಲಿ ಕೊಡಲು ಹೋದರೆ ಈರಣ್ಣನವರು ಕೈ ಚಾಚಲಿಲ್ಲ. "ಅಲ್ಲೇ ಕಟ್ಟಿ ಮ್ಯಾಲೆ ಇಡ್ರಿ." ಟೆಂಪೋ ಹೊರಡುವ ಮೊದಲೇ ಅವರ ಹೆಂಡತಿ ಕೊಡಪಾನ ತಂದು ಕಟ್ಟೆಗೆ, ಕೀಲಿಗೆ ಒಟ್ಟಿಗೆ ನೀರು ಸುರಿದರಂತೆ. ತಾಯಿ ಟೆಂಪೋದಲ್ಲಿ ಕುಳಿತು ಅದನ್ನು ನೋಡಿದರು.

ಇಷ್ಟನ್ನೂ ಸುಜಾತಾ ನನಗೆ ಕೌಂಟರಿನ ಆಚೆ ಬದಿಯ ಕುರ್ಚಿಯಲ್ಲಿ ಕುಳಿತು ಹೇಳಿದರು. ಅಳಲಿಲ್ಲ. ಪಾಠ ಮಾಡುವಾಗಿನಂತೆ ಒಂದಾದ ಮೇಲೆ ಒಂದು ಹೇಳಿದರು. ಕೊನೆಗೆ ಫೋನನ್ನು ಮೇಜಿನ ಮೇಲೆ ಇಟ್ಟರು.

"ಅವರಿಗೆ ಹ್ಯಾಂಗ ಗೊತ್ತಾತು ಅಂತ ಹೇಳ್ರಿ. ಅದೊಂದ ನನಗ ತಿಳಿಬೇಕಾಗೈತಿ."

"ನಿಮ್ಮ ಫೋನ ಯಾರರೆ ನೋಡಿರಬೇಕ್ರಿ," ಅಂದೆ.

"ಯಾರೂ ಮುಟ್ಟಿಲ್ರಿ. ದಿನಾ ಅಳಸೇನಿ. ನೀವ ಕಲಿಸಿದಂಗ ಅಳಸೇನಿ. ಒಂದ ದಿನಾನೂ ತಪ್ಪಿಸಿಲ್ಲ."

"ಒಮ್ಮೊಮ್ಮೆ ಉಳಕೋತಾವ್ರಿ," ಅಂದೆ. ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ಆ ಯಾದಿಯ ಆಫೀಸ್ ಪ್ರತಿ ಇತ್ತು. ನನ್ನ ಸಹಿಯೂ ಇತ್ತು.

ಅವರು ನನ್ನ ಮುಖ ನೋಡಿದರು. ಆಮೇಲೆ ಫೋನಿನ ಹಿಂಬದಿ ಬಿಚ್ಚಿ, ಸಿಮ್ ತೆಗೆದು ಮೇಜಿನ ಮೇಲಿಟ್ಟು, "ಇದು ನಿಮ್ಮದು," ಎಂದು ಎದ್ದುಹೋದರು.

ಅವರು ಕಂಪನಿಗೆ ಒಂದು ದೂರು ಬರೆದರು. ಚೊಕ್ಕ ಕನ್ನಡದಲ್ಲಿ ಒಂದು ಪುಟ, ಯಾರನ್ನೂ ಬೈದಿರಲಿಲ್ಲ, ಪ್ರಶ್ನೆ ಅದೇ ಒಂದು. ಹೆಡ್ ಆಫೀಸು ಅದನ್ನು ನಮ್ಮ ಕೇಂದ್ರಕ್ಕೆ ಕಳಿಸಿ ವಿವರಣೆ ಕೇಳಿತು. ಪ್ರಶಾಂತ ಆ ಹೊತ್ತಿಗೆ ನಿಜವಾಗಿಯೂ ಅಂಜಿದ್ದ. "ಬಾಯಾರ, ನೀವ ಬರೀರಿ. ಹಳಬರು, ನಿಮ್ಮ ಸಹಿಗೆ ಮರ್ಯಾದಿ ಐತಿ. ನಾ ಬರೆದ್ರ ಇಬ್ಬರೂ ಸಿಗಬೀಳ್ತೇವಿ." ನಾನು ಬರೆದೆ. ನಮ್ಮ ಕೇಂದ್ರದಿಂದ ಯಾವ ಗ್ರಾಹಕರ ಮಾಹಿತಿಯೂ ಹೊರಗೆ ಹೋಗಿಲ್ಲ, ಗ್ರಾಹಕರ ಅಜಾಗರೂಕತೆಯಿಂದ ಹೀಗಾಗಿರುವ ಸಾಧ್ಯತೆ ಇದೆ ಎಂದು ಬರೆದೆ. ಎರಡೇ ವಾಕ್ಯ. ಮೊದಲನೆಯದು ಸುಳ್ಳು, ಎರಡನೆಯದು ಅದಕ್ಕಿಂತ ಕೆಟ್ಟದ್ದು. ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ ಎಂದು ಕಾರಣ ಹೇಳಿಕೊಂಡೆ. ಖರೆ ಹೇಳಬೇಕೆಂದರೆ ಕೆಲಸ ಹೋಗಿದ್ದರೂ ನನ್ನ ಊಟಕ್ಕೆ ಕಷ್ಟವಿರಲಿಲ್ಲ. ಎದುರು ಮಾತಾಡುವ ಅಭ್ಯಾಸ ತಪ್ಪಿಹೋಗಿತ್ತು, ಅಷ್ಟೇ. ದೂರು ಅಲ್ಲಿಗೆ ಮುಗಿಯಿತು. ಕಾಲರ್ ಟ್ಯೂನಿನ ಯಾದಿ ಮರು ತಿಂಗಳೂ ಬಂತು, ಮತ್ತೂ ಉದ್ದವಾಗಿ.

ನೀವು ಈಗ ಕೂರುವ ಕೌಂಟರಿನಲ್ಲಿ ಹೀಗೆ ಕೈಯಿಂದ ಲಕೋಟೆ ಹಂಚುವ ಕೆಲಸ ಇರಲಿಕ್ಕಿಲ್ಲ. ಯಾದಿ ಎಲ್ಲಿ ತಯಾರಾಗುತ್ತದೆ, ಯಾರ ಕೈ ಸೇರುತ್ತದೆ ಎಂಬುದು ನಿಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ಹೊಡೆದುಹಾಕಲು ಒಂದು ಸಾಲಾದರೂ ನನ್ನ ಎದುರಿಗಿತ್ತು. ನಿಮಗೆ ಅದೂ ಸಿಗುವುದಿಲ್ಲ. ಇಷ್ಟು ಬರೆದ ಮೇಲೆ ನಿಮಗೆ ಏನಾದರೂ ದಾರಿ ಹೇಳಬೇಕು. ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ ಎಂಬುದರ ಆಚೆಗೆ ಏನೂ ಹೊಳೆಯುತ್ತಿಲ್ಲ. ಅದರಿಂದ ಯಾರಾದರೂ ಉಳಿಯುತ್ತಾರೆ ಎಂಬ ನಂಬಿಕೆಯೂ ನನಗಿಲ್ಲ.

ನಿವೃತ್ತಿಯಾದ ಮರುವರ್ಷ ನಿಡಗುಂದಿಗೆ ಹೋದೆ. ಸುಜಾತಾ ಅಲ್ಲಿಯ ಬೌದ್ಧರ ಓಣಿಯಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಬಾಗೇವಾಡಿಯ ಸಾಲೆಗೆ ಹೋಗಿ ಬರುತ್ತಾರೆ ಎಂದು ತಿಳಿದಿತ್ತು. ಭಾನುವಾರ ಮುಂಜಾನೆ ಹತ್ತರ ಸುಮಾರು. ಬಾಗಿಲಲ್ಲಿ ನನ್ನನ್ನು ಕಂಡು ಗುರುತು ಹಿಡಿದರು. ಒಳಗೆ ಕರೆದು, ನೀರು ಕೊಟ್ಟರು. ಗೋಡೆಯ ಮೇಲೆ ಬುದ್ಧನ ಪಟ ಇತ್ತು. ತಾಯಿ ಮೂಲೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ನಾನು ಎಲ್ಲ ಹೇಳಿದೆ. ಮಶೀನು, ಯಾದಿ, ಐದು ಲಕೋಟೆ, ಮಲ್ಲಪ್ಪ, ದೂರಿಗೆ ನಾನು ಬರೆದ ಎರಡು ವಾಕ್ಯ. 

"ನೀವ ಏನೋ ಮುಚ್ಚಾಕತ್ತೀರಿ ಅಂತ ನನಗ ಅವತ್ತ ತಿಳಿದಿತ್ರಿ," ಅಂದರು ಸುಜಾತಾ. "ನಿಮ್ಮ ಮಾರಿ ನೋಡಿ ತಿಳೀತು. ಅದಕ್ಕ ದೂರ ಕೊಟ್ಟೆ. ಯಾರರೆ ಕೇಳಿದ್ರ ನೀವ ಖರೇ ಹೇಳ್ತೀರಿ ಅಂದ್ಕೊಂಡಿದ್ನಿ."

"ತಪ್ಪಾತ್ರಿ. ನಿಮ್ಮ ಮುಂದ ಹೇಳಬೇಕು ಅಂತ ಬಂದೇನಿ."

"ಈಗ ಹೇಳೂದು ನಿಮ್ಮ ಸಲುವಾಗ್ರಿ, ನನ್ನ ಸಲುವಾಗಿ ಅಲ್ಲ. ಹೇಳೀರಿ, ನಿಮಗ ಹಗುರ ಆತು." ಅವರ ದನಿ ಏರಲಿಲ್ಲ. ಮಂಚದ ಕಡೆ ನೋಡಿ, "ಅವ್ವ ವಂದನಾ ಕೇಳೂದ ಬಿಟ್ಟಾಳ್ರಿ. ಇಲ್ಲಿ ಸುತ್ತೆಲ್ಲಾ ನಮ್ಮವರ, ಅಂಜಿಕಿ ಏನಿಲ್ಲ ಅಂದ್ರೂ ಕೇಳವಲ್ಲಳು. ನಾ ಬಾಯಿ ತಗದ್ರ ಸಾಕು, ಸಾಕ ಮಾಡು, ಯಾರೋ ಕೇಳಾಕತ್ತಾರ ಅಂತಾಳ. ಎರಡ ವರ್ಷಾತು," ಅಂದರು.

ಮಂಚದ ಮೇಲಿನವರು ಮಲಗಿದ್ದರೋ ಎಚ್ಚರವಿದ್ದರೋ ಗೊತ್ತಾಗಲಿಲ್ಲ. ಮುಸುಕು ಮಾತ್ರ ಇನ್ನಷ್ಟು ಮೇಲಕ್ಕೆ ಹೋಯಿತು.

ನಾನು ಎದ್ದೆ. ಬಾಗಿಲ ತನಕ ಕಳಿಸಲು ಬಂದರು. ಏನಾದರೂ ಹೇಳಬೇಕು, ಹಾಗೇ ಹೋಗಬಾರದು ಎನ್ನಿಸಿ, ಅಷ್ಟು ವರ್ಷದ ರೂಢಿಯ ಮಾತು ಬಾಯಿಗೆ ಬಂತು.

"ನಿಮ್ಮ ನಂಬರರೆ ಕೊಟ್ಟಿರ್ರಿ ಟೀಚರ್. ಆಗಾಗ ಮಾತಾಡ್ತೇನಿ."

ಸುಜಾತಾ ಚೌಕಟ್ಟಿಗೆ ಕೈಯಿಟ್ಟು ನಿಂತಿದ್ದರು. "ಅದನ್ನ ಮಾತ್ರ ಕೇಳಬ್ಯಾಡ್ರಿ," ಎಂದು ಬಾಗಿಲು ಮುಂದಕ್ಕೆ ಮಾಡಿಕೊಂಡರು.